ತರಗತಿಯಲ್ಲಿ ಯಂತ್ರವೂ ಗುರುವೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಉಪಾಧ್ಯಾಯರ ಹಾಗೂ ತಂದೆತಾಯಿಯರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ಸ್ಥಳದಲ್ಲಿ ಮೊದಲು ಎತ್ತಿದ್ದು ಒಂದು ಹುಲ್ಲಿನ ಚಪ್ಪರವನ್ನು. ಭಾನುವಾರ ಅದೇ ದೇವಾಲಯ. ಉಳಿದ ದಿನಗಳಲ್ಲಿ ಅದೇ ಪಾಠಶಾಲೆ. ಉಪದೇಶಿಗಳೇ ಉಪಾಧ್ಯಾಯರು. ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸಿದ ಅಕ್ಷರವೇ ಅಂದಿನ ವಿದ್ಯೆ. ಮರಳಿನ ನಂತರ ಸ್ಲೇಟು ಬಂದಿತು, ಸ್ಲೇಟಿನ ನಂತರ ಕಪ್ಪು ಹಲಗೆ ಬಂದಿತು, ಭೂಪಟ ಬಂದಿತು, ಗೋಳ ಬಂದಿತು, ರೇಡಿಯೋ ಬಂದಿತು. ಇಂದು ಗೋಡೆಯ ಮೇಲೆ ಬೆಳಗುವ ತೆರೆ ಬಾಗಿಲಲ್ಲಿ ನಿಂತಿದೆ. ಅದನ್ನು ಒಳಗೆ ಕರೆಯಬೇಕೇ, ಕರೆದರೆ ಎಲ್ಲಿ ಕೂರಿಸಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ಪ್ರಶ್ನೆ ಸುಮ್ಮನೆ ಎದ್ದುದಲ್ಲ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ಕಾಣಿಕೆಯಾಗಿ ಪ್ರತಿಯೊಂದು ತರಗತಿಗೂ ಒಂದೊಂದು 'ಸ್ಮಾರ್ಟ್ ಬೋರ್ಡ್' ಕೊಡಿಸಲು ಮುಂದೆ ಬಂದಿದ್ದಾರೆ. ಅವರ ಔದಾರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಪಾಲನಾ ಸಮಿತಿಯ ಸಭೆಯಲ್ಲಿ ಎರಡು ಮಾತುಗಳು ಕೇಳಿಬಂದವು. ಒಬ್ಬ ತಂದೆ, "ಪೇಟೆಯ ಶಾಲೆಗಳಲ್ಲಿ ಇದೆಲ್ಲ ಬಂದು ಎಷ್ಟೋ ಕಾಲವಾಯಿತು. ನಮ್ಮ ಮಕ್ಕಳು ಇನ್ನೂ ಸೀಮೆಸುಣ್ಣದ ಧೂಳು ಕುಡಿಯಬೇಕೇ ಸ್ವಾಮಿ?" ಎಂದರು. ಒಬ್ಬ ತಾಯಿ, "ಮನೆಯಲ್ಲಿ ಮಗನ ಕೈಯಿಂದ ಮೊಬೈಲ್ ಬಿಡಿಸುವುದೇ ನಮಗೆ ದಿನದ ಜಗಳ. ಶಾಲೆಯಲ್ಲೂ ಅದನ್ನೇ ತೋರಿಸಿದರೆ ನಾವು ಎಲ್ಲಿಗೆ ಹೋಗೋಣ ಸ್ವಾಮಿ?" ಎಂದು ಕೇಳಿದರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರಿಗೂ ಉತ್ತರ ಕೊಡುವ ಹೊಣೆ ನಮ್ಮದು.

ಮೊದಲು ನಮ್ಮ ದಿವ್ಯ ಗುರುವಿನತ್ತ ನೋಡೋಣ. ಚಕ್ರವರ್ತಿಗೆ ತೆರಿಗೆ ಕೊಡುವುದು ಸರಿಯೇ ಎಂದು ಕೆಲವರು ಪ್ರಭು ಯೇಸುವನ್ನು ಸಿಕ್ಕಿಸಲು ಬಂದರು. ಪ್ರಭು ಅವರಿಗೆ ಉಪನ್ಯಾಸ ಕೊಡಲಿಲ್ಲ. ಒಂದು ನಾಣ್ಯವನ್ನು ತರುವಂತೆ ಹೇಳಿ, ಅದರ ಮೇಲಿರುವ ಮುದ್ರೆ ಯಾರದೆಂದು ಅವರನ್ನೇ ಕೇಳಿದರು. ತಂದವರು ಅವರು, ನೋಡಿದವರು ಅವರು, ಮೊದಲ ಉತ್ತರ ಹೇಳಿದವರೂ ಅವರೇ. ಅನಂತರವಷ್ಟೇ ಪ್ರಭು ತಮ್ಮ ಬೋಧೆಯ ಮಾತನ್ನಾಡಿದರು. ಸಾಸಿವೆಕಾಳು, ಹುಳಿಹಿಟ್ಟು, ಬಲೆ, ದೀಪ, ಇವೆಲ್ಲವೂ ಪ್ರಭುವಿನ ಬೋಧನೋಪಕರಣಗಳು. ಅವುಗಳಲ್ಲಿ ಯಾವುದೂ ಕೇಳುವವನನ್ನು ಬೆರಗುಗೊಳಿಸಿ ಸುಮ್ಮನಾಗಿಸಲು ಬಂದುದಲ್ಲ. ಅವನ ಕಣ್ಣನ್ನೂ ಬುದ್ಧಿಯನ್ನೂ ಎಚ್ಚರಿಸಲು ಬಂದವು. ಉಪಕರಣದ ಧರ್ಮವೇ ಇದು ಎಂದು ನಾವು ತಿಳಿಯುತ್ತೇವೆ.

ಧರ್ಮಸಭೆ ಹೊಸ ಸಾಧನಗಳಿಗೆ ಹೆದರುತ್ತದೆ ಎಂದು ಭಾವಿಸುವವರಿದ್ದಾರೆ. 1931ರ ಫೆಬ್ರವರಿ 12ರಂದು ಜಗದ್ಗುರು ಹನ್ನೊಂದನೆಯ ಪಯಸ್‌ರವರು ವ್ಯಾಟಿಕನ್ ಬಾನುಲಿಯನ್ನು ಉದ್ಘಾಟಿಸಿದರು. ಅದನ್ನು ನಿರ್ಮಿಸಿಕೊಟ್ಟವರು ವಿಜ್ಞಾನಿ ಮಾರ್ಕೋನಿಯವರೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳನ್ನು ಕುರಿತು ಪ್ರತ್ಯೇಕ ಆದೇಶಪತ್ರವನ್ನೇ ಹೊರಡಿಸಿ, ಅವುಗಳನ್ನು ದೇವರ ನೆರವಿನಿಂದ ಮನುಷ್ಯ ಕಂಡುಹಿಡಿದ ಅದ್ಭುತ ಸಾಧನಗಳೆಂದು ಆದರಿಸಿತು. ಅದೇ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತು ಘೋಷಣೆ ಹೊರಡಿಸಿದಾಗ, ಶಾಲೆಯ ಯಶಸ್ಸು ಬಹುಮಟ್ಟಿಗೆ ಉಪಾಧ್ಯಾಯರನ್ನೇ ಅವಲಂಬಿಸಿದೆ ಎಂಬ ಭಾವವನ್ನೂ ಸ್ಪಷ್ಟಪಡಿಸಿತು. ಈ ಎರಡು ಬೋಧೆಗಳನ್ನೂ ಜೊತೆಯಾಗಿ ಹಿಡಿದುಕೊಂಡರೆ ನಾವು ದಾರಿ ತಪ್ಪಲಾರೆವು.

ಸಾಧನವೊಂದು ಕಲಿಯುವವನ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಲೂಯಿ ಬ್ರೈಲ್‌ರವರ ಬದುಕಿಗಿಂತ ಉತ್ತಮ ನಿದರ್ಶನವನ್ನು ನಾವು ಕಾಣೆವು. ಅವರು 1809ರಲ್ಲಿ ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆ ಚರ್ಮದ ಕೆಲಸಗಾರರು. ಮೂರು ವರ್ಷದ ಮಗುವಾಗಿದ್ದಾಗ ತಂದೆಯ ಕಾರ್ಯಾಗಾರದ ಚೂಪಾದ ಉಪಕರಣ ತಗುಲಿ ಒಂದು ಕಣ್ಣು ಕೆಟ್ಟಿತು. ಸೋಂಕು ಹಬ್ಬಿ ಎರಡನೆಯ ಕಣ್ಣೂ ಹೋಯಿತು. ಪ್ಯಾರಿಸ್ಸಿನ ಅಂಧಮಕ್ಕಳ ಶಾಲೆಗೆ ಸೇರಿದಾಗ ಅಲ್ಲಿ ಪುಸ್ತಕಗಳೇನೋ ಇದ್ದವು. ಕಣ್ಣುಳ್ಳವರ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಮಾಡಿದ ಭಾರಿ ಪುಸ್ತಕಗಳವು. ಮಗು ಬೆರಳಾಡಿಸಿ ಒಂದೊಂದೇ ಅಕ್ಷರವನ್ನು ತಡವಿ ಓದಬೇಕು. ಆದರೆ ಆ ಲಿಪಿಯಲ್ಲಿ ತಾನೇ ಬರೆದುಕೊಳ್ಳಲು ಸಾಧ್ಯವಿರಲಿಲ್ಲ. ಕಣ್ಣುಳ್ಳವರು ಕರುಣೆಯಿಂದ ಮಾಡಿದ ಸಾಧನ ಅದು. ಆದರೆ ಮಗುವನ್ನು ಕೇವಲ ಓದುಗನನ್ನಾಗಿ ಕೂರಿಸಿತ್ತು.

ಬಾರ್ಬಿಯೇ ಎಂಬ ಸೇನಾಧಿಕಾರಿ ಹನ್ನೆರಡು ಉಬ್ಬು ಚುಕ್ಕೆಗಳ ಒಂದು ಬರಹ ಪದ್ಧತಿಯನ್ನು ರೂಪಿಸಿದ್ದರು. ಬಾಲಕ ಲೂಯಿ ಅದನ್ನು ತಿದ್ದಿ ತೀಡಿ ಆರು ಚುಕ್ಕೆಗಳಿಗೆ ಇಳಿಸಿದನು. ಒಂದು ಬೆರಳ ತುದಿಗೆ ಒಂದೇ ಸಲಕ್ಕೆ ಸಿಗುವಷ್ಟು ಚಿಕ್ಕ ಅಕ್ಷರ. ಒಂದು ಪಟ್ಟಿ, ಒಂದು ಚೂಪು ಕಡ್ಡಿ ಇದ್ದರೆ ಯಾರು ಬೇಕಾದರೂ ಬರೆಯಬಹುದು. 1829ರಲ್ಲಿ ಈ ಪದ್ಧತಿ ಪುಸ್ತಕರೂಪದಲ್ಲಿ ಪ್ರಕಟವಾದಾಗ ಬ್ರೈಲ್‌ರವರಿಗೆ ಇಪ್ಪತ್ತು ವರ್ಷ. ಅವರು ಅದೇ ಶಾಲೆಯಲ್ಲಿ ಉಪಾಧ್ಯಾಯರಾದರು. ಪ್ಯಾರಿಸ್ಸಿನ ದೇವಾಲಯದಲ್ಲಿ ಆರ್ಗನ್ ವಾದಕರಾಗಿಯೂ ಸೇವೆ ಸಲ್ಲಿಸಿದರು. ಶಾಲೆ ಆ ಲಿಪಿಯನ್ನು ಅಧಿಕೃತವಾಗಿ ಸ್ವೀಕರಿಸಿದ್ದು 1854ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ. ಅಂಧ ಮಗು ಓದುಗನಷ್ಟೇ ಆಗದೆ ಬರಹಗಾರನೂ ಆದದ್ದು ಆ ಆರು ಚುಕ್ಕೆಗಳಿಂದ. ಸಾಧನ ದೊಡ್ಡದೇ ಚಿಕ್ಕದೇ ಎಂಬುದು ಮುಖ್ಯವಲ್ಲ. ಅದು ಮಗುವಿನ ಕೈಗೆ ಏನು ಮಾಡಲು ಕೊಡುತ್ತದೆ ಎಂಬುದು ಮುಖ್ಯ.

ನಮ್ಮ ನಾಡಿನ ಅನುಭವವೂ ಇದನ್ನೇ ಹೇಳುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಒಂದು ಉಪಗ್ರಹದ ನೆರವಿನಿಂದ, ಭಾರತದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನ ಪಾಠಗಳು ತಲುಪಿದವು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಗ್ರಾಮಗಳು ಆ ಪ್ರಯೋಗದಲ್ಲಿ ಸೇರಿದ್ದವು. ವಿದ್ಯುತ್ತು, ರಸ್ತೆ ಸರಿಯಾಗಿ ಕಾಣದ ಊರುಗಳಲ್ಲಿ ಬೆಳಿಗ್ಗೆ ಮಕ್ಕಳು ಪೆಟ್ಟಿಗೆಯ ಮುಂದೆ ಕುಳಿತು ವಿಜ್ಞಾನದ ಪಾಠ ನೋಡಿದರು. ಒಂದು ವರ್ಷ ಕಳೆದ ಮೇಲೆ ಪ್ರಯೋಗ ಮುಗಿದು ಉಪಗ್ರಹವನ್ನು ಬೇರೆಡೆಗೆ ಸರಿಸಲಾಯಿತು. ಆದರೆ ಅದೇ ಪ್ರಯೋಗದಲ್ಲಿ ಸಾವಿರಾರು ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ದೊರೆತಿತ್ತು. ಉಪಗ್ರಹ ಸರಿದುಹೋದ ಮೇಲೂ ಉಪಾಧ್ಯಾಯರು ಕಲಿತದ್ದು ಊರಿನಲ್ಲೇ ಉಳಿಯಬಲ್ಲದು. ಯಂತ್ರಕ್ಕೆ ಹಣ ತೆಗೆದಿಡುವಾಗ ಉಪಾಧ್ಯಾಯರ ತರಬೇತಿಗೂ ತೆಗೆದಿಡಬೇಕೆಂಬ ವಿವೇಕವನ್ನು ನಾವು ಇದರಿಂದ ಪಡೆಯಬೇಕು.

ಅನಂತರದ ವರ್ಷಗಳಲ್ಲಿ ಆಕಾಶವಾಣಿಯ 'ಕೇಳಿ ಕಲಿ', 'ಚಿನ್ನರ ಚುಕ್ಕಿ' ಕಾರ್ಯಕ್ರಮಗಳು ನಮ್ಮ ಶಾಲೆಗಳಿಗೆ ಬಂದವು. ಒಳ್ಳೆಯ ಬಾನುಲಿ ಪಾಠದ ಗುಟ್ಟೇನೆಂದರೆ, ಅದು ಮಾತನಾಡುತ್ತಲೇ ಹೋಗುವುದಿಲ್ಲ. ಪ್ರಶ್ನೆ ಕೇಳಿ ಮೌನವಾಗುತ್ತದೆ. ಆ ಮೌನದಲ್ಲಿ ಮಕ್ಕಳು ಉತ್ತರ ಕೂಗುತ್ತಾರೆ, ಎದ್ದು ನಿಲ್ಲುತ್ತಾರೆ, ಹಾಡುತ್ತಾರೆ. ಯಂತ್ರಕ್ಕೆ ಸುಮ್ಮನಿರಲು ಕಲಿಸುವುದೇ ಅದನ್ನು ಸೃಜನಶೀಲವಾಗಿ ಬಳಸುವ ಮೊದಲ ಪಾಠವೆಂದು ನಮಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಭಾಷಣ ಪ್ರಾಮಾಣಿಕವಾಗದು. ಸುಮಾರು ಹದಿನೈದು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ನಾವು ಸೇವೆಯಲ್ಲಿದ್ದಾಗ, ದಾನಿಗಳ ನೆರವಿನಿಂದ ಶಾಲೆಗೆ ಹತ್ತು ಕಂಪ್ಯೂಟರುಗಳನ್ನು ತರಿಸಿದೆವು. ಕೊಠಡಿಗೆ ಸುಣ್ಣ ಬಳಿಸಿದೆವು, ಪರದೆ ಕಟ್ಟಿಸಿದೆವು, ಯಂತ್ರಗಳಿಗೆ ಬಟ್ಟೆಯ ಗವಸು ಹೊಲಿಸಿದೆವು. ಚಪ್ಪಲಿ ಹೊರಗೆ ಬಿಡಬೇಕು, ಅನುಮತಿಯಿಲ್ಲದೆ ಮುಟ್ಟಬಾರದು ಎಂಬ ಫಲಕವನ್ನೂ ಹಾಕಿಸಿದೆವು. ಕೆಟ್ಟುಹೋದೀತೆಂಬ ಭಯದಿಂದ ಬೀಗದ ಕೈಯನ್ನು ನಮ್ಮ ಬಳಿಯೇ ಇಟ್ಟುಕೊಂಡೆವು. ಮಕ್ಕಳಿಗೆ ತಿಂಗಳಿಗೊಮ್ಮೆ ಸರದಿ ಬಂದರೆ ಹೆಚ್ಚು.

ಒಂದು ದಿನ ಆರನೆಯ ತರಗತಿಯ ಹುಡುಗಿಯೊಬ್ಬಳ ನೋಟ್ ಪುಸ್ತಕದ ಹಿಂಬದಿಯಲ್ಲಿ ನಾವು ಒಂದು ಚಿತ್ರವನ್ನು ಕಂಡೆವು. ಕಂಪ್ಯೂಟರಿನ ಕೀಲಿಮಣೆಯನ್ನು ಒಂದು ಅಕ್ಷರವೂ ತಪ್ಪದಂತೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. "ಇದೇಕೆ ಮಗು?" ಎಂದು ಕೇಳಿದೆವು. "ಮನೆಯಲ್ಲಿ ಇದರ ಮೇಲೆ ಬೆರಳಿಟ್ಟು ಅಭ್ಯಾಸ ಮಾಡುತ್ತೇನೆ ಫಾದರ್. ನಮ್ಮ ಸರದಿ ಬಂದಾಗ ತಡವಾಗಬಾರದಲ್ಲ" ಎಂದಳು. ನಾವು ನಿರುತ್ತರರಾದೆವು. ಆ ಮಗು ಕಾಗದದ ಮೇಲೆ ತಾನೇ ಒಂದು ಸಾಧನವನ್ನು ಮಾಡಿಕೊಂಡಿತ್ತು. ನಾವು ನಿಜವಾದ ಸಾಧನವನ್ನು ಬೀಗ ಹಾಕಿ ಇಟ್ಟಿದ್ದೆವು. ಕೆಲವು ವರ್ಷಗಳಲ್ಲಿ ಆ ಯಂತ್ರಗಳು ಬಳಕೆಯಿಲ್ಲದೆಯೇ ಹಳತಾದವು. ಹೂಳಿಟ್ಟ ತಲಾಂತಿನ ಸಾಮತಿಯನ್ನು ನಾವು ಪೀಠದಿಂದ ಅನೇಕ ಬಾರಿ ಬೋಧಿಸಿದ್ದೇವೆ. ಆದರೆ ಅದು ನಮ್ಮನ್ನು ಕುರಿತದ್ದೆಂದು ಅಂದು ತಿಳಿಯಿತು.

ಇನ್ನು, ಇದೇ ಶಾಲೆಯಲ್ಲಿ ಕಳೆದ ವರ್ಷ ನಡೆದ ಒಂದು ಪಾಠದ ವಿಷಯ ಹೇಳುತ್ತೇವೆ. ಏಳನೆಯ ತರಗತಿಯ ವಿಜ್ಞಾನದ ಉಪಾಧ್ಯಾಯರು ಇಲ್ಲೇ ಕುಳಿತಿದ್ದಾರೆ. ಹೆಸರು ಹೇಳಿದರೆ ಅವರಿಗೆ ಸಂಕೋಚವಾದೀತು. ನಮ್ಮಲ್ಲಿ ಬಹಳಷ್ಟು ಮನೆಗಳು ರೇಷ್ಮೆ ಬೇಸಾಯದ ಮನೆಗಳು. ಉಪಾಧ್ಯಾಯರು ಮಕ್ಕಳ ಮನೆಯಿಂದಲೇ ಕೆಲವು ಮರಿಹುಳುಗಳನ್ನು ತರಿಸಿ ಶಾಲೆಯ ಜಗಲಿಯಲ್ಲಿ ಒಂದು ತಟ್ಟೆಯಲ್ಲಿ ಇಟ್ಟರು. ಅವರ ಬಳಿ ಇದ್ದ ಯಂತ್ರ ಒಂದೇ, ಅವರ ಸ್ವಂತ ಮೊಬೈಲ್ ಫೋನು. ದಿನವೂ ಒಂದೇ ಹೊತ್ತಿಗೆ, ಒಂದೇ ಅಂತರದಿಂದ, ಹುಳುವಿನ ಪಕ್ಕದಲ್ಲಿ ಅಳತೆಯ ಪಟ್ಟಿ ಇಟ್ಟು, ಸರದಿಯಂತೆ ಒಂದೊಂದು ಮಗು ಒಂದೊಂದು ಚಿತ್ರ ತೆಗೆಯಬೇಕು. ಉದ್ದವನ್ನು ಪುಸ್ತಕದಲ್ಲಿ ಬರೆಯಬೇಕು. ಕಪ್ಪು ಹಲಗೆಯ ಮೇಲೆ ಎಳೆದ ನಕ್ಷೆಯಲ್ಲಿ ಆ ದಿನದ ಚುಕ್ಕೆಯನ್ನು ಇಡಬೇಕು.

ಮೊಟ್ಟೆಯಿಂದ ಹೊರಬಂದಾಗ ಸುಮಾರು 3 ಮಿಲಿಮೀಟರ್ ಇರುವ ಹುಳು ಹಣ್ಣಾಗುವ ಹೊತ್ತಿಗೆ ಸುಮಾರು 7 ಸೆಂಟಿಮೀಟರ್ ಆಗುತ್ತದೆ. ತೂಕದಲ್ಲಿ ಸುಮಾರು 10,000 ಪಟ್ಟು ಬೆಳೆಯುತ್ತದೆ. ಹೀಗೆಂದು ಪುಸ್ತಕದಲ್ಲಿ ಓದುವುದು ಬೇರೆ, ತಾವೇ ಅಳೆದ ಗೆರೆ ಹಲಗೆಯ ಮೇಲೆ ಏರುವುದನ್ನು ನೋಡುವುದು ಬೇರೆ. ಆದರೆ ಒಂದು ದಿನ ಗೆರೆ ಏರಲಿಲ್ಲ. ಹುಳು ತಲೆಯೆತ್ತಿ ಕದಲದೆ ಕುಳಿತಿತ್ತು. ಸತ್ತಿತೇನೋ ಎಂದು ಕೆಲವರು ಗಾಬರಿಯಾದರು. ಆಗ ಹಿಂದಿನ ಸಾಲಿನ ಹುಡುಗಿ, ವರ್ಷವಿಡೀ ಪ್ರಶ್ನೆಗೆ ತಲೆತಗ್ಗಿಸಿ ನಿಲ್ಲುತ್ತಿದ್ದವಳು, "ಸತ್ತಿಲ್ಲ ಸಾರ್, ಜ್ವರಕ್ಕೆ ಕೂತಿದೆ. ಈಗ ಸೊಪ್ಪು ಹಾಕಬಾರದು" ಎಂದಳು. ಹುಳು ಪೊರೆ ಕಳಚುವ ಕಾಲವನ್ನು ನಮ್ಮ ರೈತರು 'ಜ್ವರ' ಎನ್ನುತ್ತಾರಷ್ಟೆ. ನಾಲ್ಕು ಜ್ವರ ಎದ್ದು, ಐದನೆಯ ಹಂತದಲ್ಲಿ ಹುಳು ಹಣ್ಣಾಗುವ ಬಗೆಯನ್ನು, ಚಂದ್ರಿಕೆಗೆ ಬಿಡುವ ಹದವನ್ನು ಆ ಮಗು ತರಗತಿಗೆಲ್ಲ ವಿವರಿಸಿತು. ಉಪಾಧ್ಯಾಯರು ಪಕ್ಕಕ್ಕೆ ಸರಿದು ನಿಂತು ಕೇಳಿದರು.

ಗೂಡು ಕಟ್ಟಿದ ಮೇಲೆ ಎಲ್ಲ ಚಿತ್ರಗಳನ್ನೂ ಒಂದರ ಹಿಂದೆ ಒಂದು ವೇಗವಾಗಿ ಓಡಿಸಿ ತೋರಿಸಿದರು. ಹೆಚ್ಚುಕಡಿಮೆ ಒಂದು ತಿಂಗಳ ಬೆಳವಣಿಗೆ ಒಂದು ನಿಮಿಷದಲ್ಲಿ ಕಣ್ಣಮುಂದೆ ಹಾದುಹೋಯಿತು. ಇದನ್ನು ಕಪ್ಪು ಹಲಗೆ ಮಾಡಲಾರದು, ಪುಸ್ತಕವೂ ಮಾಡಲಾರದು. ಯಂತ್ರ ತನ್ನಿಂದ ಮಾತ್ರ ಆಗುವ ಕೆಲಸವನ್ನು ಮಾಡಿ ಸುಮ್ಮನಾಯಿತು. ಅಳೆದವರು, ಬರೆದವರು, ಪ್ರಶ್ನಿಸಿದವರು, ಕಲಿಸಿದವರು ಮಕ್ಕಳು. ಆ ಹುಡುಗಿಯ ತಾಯಿ ನಮಗೆ ಹೇಳಿದರು: "ಹುಳ ಸಾಕೋದು ಓದು ಬಾರದವರ ಕೆಲಸ ಅಂದುಕೊಂಡಿದ್ದೆ ಸ್ವಾಮಿ. ಅದೂ ಪಾಠವೇ ಅಂತ ಮಗಳು ಬಂದು ಹೇಳಿದಳು." ತಂತ್ರಜ್ಞಾನದಿಂದ ಆದ ಅತ್ಯಂತ ದೊಡ್ಡ ಲಾಭ ಇದೇ ಎಂದು ನಾವು ಎಣಿಸುತ್ತೇವೆ. ಮನೆಯ ದುಡಿಮೆಗೆ ತರಗತಿಯಲ್ಲಿ ಮಾನ ದೊರೆಯಿತು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. 2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಪಾಠವೆಲ್ಲ ಮೊಬೈಲಿನಲ್ಲಿ ನಡೆಯಬೇಕೆಂದಾಯಿತು. ಒಂದು ಮನೆಯಲ್ಲಿ ಒಂದೇ ಫೋನು. ಅದು ತಂದೆಯ ಜೇಬಿನಲ್ಲಿ. ತಂದೆ ಕೂಲಿಗೆ ಹೋದರೆ ಶಾಲೆಯೂ ಅವರೊಡನೆ ಹೋಯಿತು. ಅಣ್ಣನಿಗೂ ತಂಗಿಗೂ ಒಂದೇ ಹೊತ್ತಿಗೆ ಪಾಠವಿದ್ದರೆ ಬಿಟ್ಟುಕೊಟ್ಟವಳು ಬಹುಮಟ್ಟಿಗೆ ತಂಗಿಯೇ. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ರಾಜ್ಯದಲ್ಲಿ 'ವಿದ್ಯಾಗಮ' ಯೋಜನೆ ಆರಂಭವಾಗಿ, ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಹೋಗಿ ಮರದ ನೆರಳಿನಲ್ಲಿ, ಗುಡಿಯ ಜಗಲಿಯಲ್ಲಿ ಕೂರಿಸಿ ಕಲಿಸಿದರು. ಫೋನಿಲ್ಲದ ಮಗುವಿನ ಬಳಿಗೆ ನಡೆದುಹೋದದ್ದು ಗುರುವಿನ ಕಾಲುಗಳೇ. ಶಾಲೆ ಮತ್ತೆ ತೆರೆದಾಗ ನಮ್ಮ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳು ಮರಳಿ ಬರಲಿಲ್ಲ. ಅವರಲ್ಲಿ ಇಬ್ಬರು ಹುಡುಗರು ಇಂದಿಗೂ ಇಟ್ಟಿಗೆ ಕೆಲಸದಲ್ಲಿದ್ದಾರೆ. ಅವರ ಮುಖ ಕಂಡಾಗಲೆಲ್ಲ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಅರಸಿಹೋದ ಕುರುಬನ ನೆನಪಾಗಿ ನಮ್ಮ ಮನಸ್ಸು ನಮ್ಮನ್ನು ಚುಚ್ಚುತ್ತದೆ.

ಈಗ ಮತ್ತೊಂದು ಯಂತ್ರ ಬಂದಿದೆ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆ. ಶತಮಾನೋತ್ಸವದ ಪ್ರಬಂಧ ಸ್ಪರ್ಧೆಗೆ 'ನಮ್ಮ ಧರ್ಮಕೇಂದ್ರದ ನೂರು ವರ್ಷ' ಎಂಬ ವಿಷಯ ಕೊಟ್ಟಿದ್ದೆವು. ಒಬ್ಬ ಬಾಲಕನ ಪ್ರಬಂಧದ ಭಾಷೆ ಬಲು ಸೊಗಸಾಗಿತ್ತು. ಆದರೆ ಅದರಲ್ಲಿ ನಮ್ಮ ದೇವಾಲಯದ ಪಕ್ಕದಲ್ಲಿ ಒಂದು ನದಿ ಹರಿಯುತ್ತಿತ್ತು! ನಾವು ನಕ್ಕು, ಅವನನ್ನು ಬೈಯದೆ, ಅದೇ ಫೋನನ್ನು ಅವನ ಕೈಗೆ ಕೊಟ್ಟು ಹೇಳಿದೆವು: "ಮಗನೇ, ಈ ಯಂತ್ರಕ್ಕೆ ನಮ್ಮ ಊರು ಗೊತ್ತಿಲ್ಲ. ಊರು ಬಲ್ಲವರ ಮನೆಗೆ ಇದನ್ನು ಕೊಂಡುಹೋಗು. ಅವರು ಮಾತನಾಡಲಿ, ಇದು ಕೇಳಲಿ."

ಅವನೂ ಅವನ ಗೆಳೆಯರೂ ಸೇರಿ ಊರಿನ ಹನ್ನೆರಡು ಮಂದಿ ವೃದ್ಧರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಬಂದರು. ಈ ಸಂಚಿಕೆಯಲ್ಲಿ ನೀವು ಓದಲಿರುವ ಹಿರಿಯರ ನೆನಪುಗಳು ಆ ಮಕ್ಕಳು ಕೇಳಿ, ಬರೆದು, ತಿದ್ದಿದವು. ಮೇಲಿನ ಬೀದಿಯ ಅಜ್ಜಿಯೊಬ್ಬರು, ದೇವಾಲಯದ ಗೋಡೆಗೆ ಗಾರೆ ಅರೆಯುವಾಗ ತಮ್ಮ ತಾಯಿ ಹಾಡುತ್ತಿದ್ದ ಪದವನ್ನು ಮಕ್ಕಳ ಮುಂದೆ ಹಾಡಿದರು. ಅದು ಯಾವ ಪುಸ್ತಕದಲ್ಲೂ ಇಲ್ಲ. ಆ ಅಜ್ಜಿ ಈ ಸಲದ ತಪಸ್ಸುಕಾಲದಲ್ಲಿ ಪ್ರಭುವಿನ ಪಾದ ಸೇರಿದರು. ಮಕ್ಕಳು ಒಂದು ವಾರ ತಡಮಾಡಿದ್ದರೆ ಆ ಹಾಡು ಅವರೊಡನೆಯೇ ಮಣ್ಣಾಗುತ್ತಿತ್ತು. ಅದೇ ಬಾಲಕ ತನ್ನ ಪ್ರಬಂಧವನ್ನು ಮತ್ತೆ ಬರೆದನು. ಭಾಷೆ ಮೊದಲಿನಷ್ಟು ಸೊಗಸಾಗಿರಲಿಲ್ಲ. ಕಾಗುಣಿತದ ತಪ್ಪುಗಳೂ ಇದ್ದವು. ಆದರೆ ನದಿ ಇರಲಿಲ್ಲ, ಅಜ್ಜಿ ಇದ್ದರು. ನಾವು ಅದಕ್ಕೇ ಬಹುಮಾನ ಕೊಟ್ಟೆವು.

2025ರ ಜನವರಿ 28ರಂದು ವ್ಯಾಟಿಕನ್ ಕೃತಕ ಬುದ್ಧಿಮತ್ತೆಯನ್ನು ಕುರಿತು ಹೊರಡಿಸಿದ ಪತ್ರವೂ ಈ ವಿಷಯದಲ್ಲಿ ನಮ್ಮನ್ನು ಎಚ್ಚರಿಸುತ್ತದೆ. ಸಿದ್ಧ ಉತ್ತರ ಕೊಡುವ ಸಾಧನಗಳು ವಿದ್ಯಾರ್ಥಿ ತಾನೇ ಉತ್ತರವನ್ನು ಕಂಡುಕೊಳ್ಳುವ ಶಕ್ತಿಯನ್ನು ಕುಂದಿಸಬಹುದೆಂದೂ, ಗುರು ಮತ್ತು ಶಿಷ್ಯರ ಮುಖಾಮುಖಿ ಸಂಬಂಧಕ್ಕೆ ಯಂತ್ರ ಬದಲಿಯಾಗಲಾರದೆಂದೂ ಅದರ ಅಭಿಪ್ರಾಯ. ಅದೇ ವರ್ಷದ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಕಾರ್ಲೊ ಅಕ್ಯುಟಿಸ್ ಎಂಬ ಬಾಲಕನನ್ನು ಸಂತರೆಂದು ಸಾರಿದರು. ಹದಿನೈದನೆಯ ವಯಸ್ಸಿನಲ್ಲಿ, 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಈ ಬಾಲಕ, ಕಂಪ್ಯೂಟರ್ ವಿದ್ಯೆಯನ್ನು ಬಹುಪಾಲು ತಾನೇ ಕಲಿತು, ಪರಮಪ್ರಸಾದದ ಅದ್ಭುತಗಳನ್ನು ಸಂಗ್ರಹಿಸಿ ಲೋಕಕ್ಕೆ ತೋರಿಸಲು ಅದನ್ನು ಬಳಸಿದನು. ಆಟಕ್ಕೆ ವಾರಕ್ಕೆ ಒಂದು ಗಂಟೆ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನೆಂದು ಹೇಳುತ್ತಾರೆ. ಯಂತ್ರವನ್ನು ಆಳಿದ ಬಾಲಕ ಅವನು, ಯಂತ್ರಕ್ಕೆ ಆಳಾದವನಲ್ಲ. ಮಗನ ಕೈಯ ಮೊಬೈಲಿಗಾಗಿ ದಿನವೂ ಜಗಳವಾಡುವ ಆ ತಾಯಿಗೆ ನಮ್ಮ ಉತ್ತರ ಇಲ್ಲಿದೆ. ಫೋನನ್ನು ಕಿತ್ತುಕೊಳ್ಳುವುದಕ್ಕೆ ಮುಂಚೆ ಅದರಿಂದ ಮಾಡಬೇಕಾದ ಒಂದು ಒಳ್ಳೆಯ ಕೆಲಸವನ್ನು ಕೊಡಿ. ಮಾಡಿ ಮುಗಿಸಿದ ಮೇಲೆ ಅದನ್ನು ಮೇಲಿಡುವ ಹೊತ್ತನ್ನೂ ಗೊತ್ತುಮಾಡಿ. ಆ ನಿಯಮವನ್ನು ತಾಯಿತಂದೆಯರೂ ಪಾಲಿಸಿ. ಸಂಜೆಯ ಜಪಸರದ ಹೊತ್ತಿನಲ್ಲಿ ಅಪ್ಪನ ಕೈಯಲ್ಲಿ ಫೋನು ಮಿನುಗುತ್ತಿದ್ದರೆ ಮಗನಿಗೆ ಮಾಡಿದ ಉಪದೇಶ ನೀರಿನ ಮೇಲಿನ ಬರಹ.

ಆದ್ದರಿಂದ ಶಾಲೆಗೆ ಯಾವುದೇ ಹೊಸ ಸಾಧನ ಬಂದರೂ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಉಪಾಧ್ಯಾಯರಲ್ಲಿ ವಿನಂತಿಸುತ್ತೇವೆ. ಇದು ಬಂದ ಮೇಲೆ ಮಗುವಿನ ಕೈ ಏನು ಮಾಡುತ್ತದೆ? ಸೀಮೆಸುಣ್ಣದಿಂದ ಆಗದ ಯಾವ ಕೆಲಸ ಇದರಿಂದ ಆಗುತ್ತದೆ? ಯಾವ ಮಗು ಇದರಿಂದ ಹೊರಗೆ ಉಳಿಯುತ್ತದೆ? ಮೊದಲ ಪ್ರಶ್ನೆಗೆ 'ಕೈಕಟ್ಟಿ ಕೂರುತ್ತದೆ' ಎಂಬ ಉತ್ತರ ಬಂದರೆ, ಎರಡನೆಯದಕ್ಕೆ 'ಏನೂ ಇಲ್ಲ' ಎಂಬ ಉತ್ತರ ಬಂದರೆ, ಹಳೆಯ ಹಲಗೆಯೇ ಸಾಕು. ಮೂರನೆಯದಕ್ಕೆ ಒಂದು ಮಗುವಿನ ಹೆಸರು ಬಂದರೂ, ಮೊದಲು ಆ ಮಗುವಿಗೆ ದಾರಿ ಮಾಡಿ ಮುಂದುವರಿಯಬೇಕು.

ಹಳೆಯ ವಿದ್ಯಾರ್ಥಿಗಳ ಕಾಣಿಕೆಯನ್ನು ಕುರಿತು ನಾವು ಪಾಲನಾ ಸಮಿತಿಯೊಡನೆ ಸಮಾಲೋಚಿಸಿ ಬಂದ ಸಲಹೆ ಇದು. ದೊಡ್ಡ ತೆರೆ ಪ್ರತಿ ಕೊಠಡಿಗೂ ಬೇಡ. ಇಡೀ ಶಾಲೆಗೆ ಎರಡು ಸಾಕು. ಉಳಿದ ಹಣದಲ್ಲಿ ಐದಾರು ಮಕ್ಕಳ ಗುಂಪಿಗೆ ಒಂದರಂತೆ ಕೈಯಲ್ಲಿ ಹಿಡಿಯುವ ಟ್ಯಾಬ್‌ಗಳು ಬರಲಿ. ವಿದ್ಯುತ್ತು ಹೋದಾಗಲೂ ನಡೆಯುವಂತೆ ಬ್ಯಾಟರಿಯ ಏರ್ಪಾಡಾಗಲಿ. ದೃಷ್ಟಿ ಮಂದವಾಗಿರುವ ನಮ್ಮ ಮಗುವಿಗೆ ಪಾಠವನ್ನು ಓದಿ ಹೇಳುವ, ಅಕ್ಷರವನ್ನು ದೊಡ್ಡದು ಮಾಡಿ ತೋರಿಸುವ ಅನುಕೂಲ ಅವುಗಳಲ್ಲಿ ಇದ್ದೇ ಇದೆ. ಮೊದಲನೆಯದು ಆ ಮಗುವಿಗೇ ಸಲ್ಲಲಿ. ತಿಂಗಳಿಗೆ ಒಂದು ಶನಿವಾರ ಉಪಾಧ್ಯಾಯರು ಒಟ್ಟಿಗೆ ಕುಳಿತು ಒಬ್ಬರಿಂದೊಬ್ಬರು ಕಲಿಯಲಿ. ಆ ದಿನದ ಊಟದ ವ್ಯವಸ್ಥೆ ಧರ್ಮಕೇಂದ್ರದ್ದು. ಮನೆಯಲ್ಲಿ ಫೋನಾಗಲಿ, ಓದಲು ಜಾಗವಾಗಲಿ ಇಲ್ಲದ ಮಕ್ಕಳಿಗೆ ನಮ್ಮ ಸಭಾಂಗಣ ಸಂಜೆ ಎರಡು ಗಂಟೆ ತೆರೆದಿರಲಿ. ಪೇಟೆಯ ಮಕ್ಕಳಿಗಿಂತ ನಮ್ಮವರು ಹಿಂದೆ ಬೀಳಬಾರದೆಂದ ಆ ತಂದೆಗೆ ನಮ್ಮ ಉತ್ತರ ಇದೇ: ನಿಮ್ಮ ಮಗ ತೆರೆಯ ಮುಂದೆ ಕೂರುವುದಕ್ಕಿಂತ ಹೆಚ್ಚಿನದನ್ನು ಕಲಿಯಲಿ.

ಇನ್ನು ಬೀಗದ ಕೈಯ ವಿಚಾರ. ಆ ಪೆಟ್ಟಿಗೆಯ ಕೈ ನಮ್ಮ ಬಳಿ ಇರುವುದಿಲ್ಲ. ಮುಖ್ಯೋಪಾಧ್ಯಾಯಿನಿಯವರ ಅಲಮಾರಿನಲ್ಲೂ ಇರುವುದಿಲ್ಲ. ಪ್ರತಿ ವಾರ ಒಂದು ತರಗತಿಯ ಮಕ್ಕಳ ನಾಯಕನ ಕೈಯಲ್ಲಿ ಅದು ಇರತಕ್ಕದ್ದು. ಒಂದೆರಡು ಯಂತ್ರಗಳು ಕೆಳಗೆ ಬಿದ್ದು ಒಡೆಯಬಹುದು. ಒಡೆಯಲಿ. ಬಳಸಿ ಒಡೆದದ್ದಕ್ಕೆ ನಾವು ದೇವರಿಗೆ ಲೆಕ್ಕ ಕೊಡಬಲ್ಲೆವು. ಬಳಸದೆ ಹಳತಾದದ್ದಕ್ಕೆ ಕೊಡಲಾರೆವು.

ಹುಲ್ಲಿನ ಚಪ್ಪರದಲ್ಲಿ ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದ ಆ ಉಪದೇಶಿಗಳ ಹೆಸರು ನಮ್ಮ ದಾಖಲೆಗಳಲ್ಲಿ ಉಳಿದಿಲ್ಲ. ಅವರು ಹಿಡಿದ ಬೆರಳುಗಳಿಂದ ಈ ಊರಿಗೆ ಅಕ್ಷರ ಬಂದಿತು. ಉಪಾಧ್ಯಾಯ ಮಿತ್ರರೇ, ಮುಂದಿನ ನೂರು ವರ್ಷಗಳಲ್ಲಿ ನಾವು ಊಹಿಸಲೂ ಆಗದ ಯಂತ್ರಗಳು ಈ ಶಾಲೆಗೆ ಬರುತ್ತವೆ, ಹೋಗುತ್ತವೆ. ಅವುಗಳಿಗೆ ಅಂಜಬೇಡಿ, ಅವುಗಳಿಗೆ ಮಾರುಹೋಗಲೂ ಬೇಡಿ. ಮಗುವಿನ ಬೆರಳನ್ನು ಬಿಡಬೇಡಿ.

ಸಕಲ ಜ್ಞಾನಕ್ಕೂ ಮೂಲನಾದ ಪವಿತ್ರಾತ್ಮನು ನಮ್ಮ ಉಪಾಧ್ಯಾಯರಿಗೆ ವಿವೇಕವನ್ನೂ, ಮಕ್ಕಳಿಗೆ ಕುತೂಹಲವನ್ನೂ, ತಾಯಿತಂದೆಯರಿಗೆ ತಾಳ್ಮೆಯನ್ನೂ ದಯಪಾಲಿಸಲಿ. ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.